ಎಂಟಾಣೆ ರಕಾರ

ಆದವಾನಿಯ ಹತ್ತಿ ಮಂಡಿಯ ಹಿಂದಿನ ಓಣಿಯಲ್ಲಿ
ಗಾದಿಲಿಂಗಪ್ಪನ ಪ್ರೆಸ್ಸು. ನಾನಲ್ಲಿ ಅಕ್ಷರ ಬಿಚ್ಚುವವಳು.
ಜೋಡಿಸುವುದು ಗಂಡಸರ ಕೆಲಸ, ಸಂಬಳವೂ ಹಾಗೇ.
ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ,
ಅವರವರ ಮನೆಗೆ ಅವರನ್ನು ಸೇರಿಸುವುದು ನನ್ನದು.
ಓದಲು ಕಲಿತದ್ದೇ ಹೀಗೆ, ಕನ್ನಡಿಯೊಳಗಿನ ಹಾಗೆ, ತಿರುಗುಮುರುಗು.
ಇವತ್ತಿಗೂ ನೆಟ್ಟಗಿನ ಬರಹ ಕಂಡರೆ
ಯಾರೋ ಬೆನ್ನು ಮಾಡಿ ನಿಂತಂತೆ ಅನಿಸುತ್ತದೆ.

ಸೀಸದ ಮೊಳೆ ಮದುವೆ ಕಾಗದಕ್ಕೆ, ತಿಥಿ ಕಾರ್ಡಿಗೆ.
ನಾಟಕದ ಪೋಸ್ಟರಿಗೆ ಮಾತ್ರ ಮರದ ಅಕ್ಷರ,
ಮೌನೇಶಾಚಾರಿ ಹಾಲೆಮರದಲ್ಲಿ ಕೊರೆದದ್ದು,
ಒಂದೊಂದೂ ಅಂಗೈಯಗಲ.
ಹೊಟ್ಟೆ ತುಂಬಿದ ಬ, ಸೊಂಟಕ್ಕೆ ಬಳ್ಳಿ ಸುತ್ತಿದ ಲ,
ಬೆನ್ನ ಹಿಂದೆ ತನ್ನದೇ ನೆರಳು ಹೊತ್ತ ಗ.
ಸಕ್ಕರೆ ಗೊಂಬೆಯ ಅಚ್ಚು ಕೊರೆದು ಬದುಕಿದ ಕೈ,
ಅಕ್ಷರಕ್ಕೂ ನಾಲ್ಕು ಎಸಳು ಇಡದೆ ಬಿಡುತ್ತಿರಲಿಲ್ಲ.

ಬುದ್ಧಿವಂತ. ಎರಡು ಭಾಷೆಗೆ ಎರಡು ಸೆಟ್ಟು ಕೊರೆಯಲಿಲ್ಲ.
ಗ, ದ, ನ, ರ, ಮೈ ಎರಡಕ್ಕೂ ಒಂದೇ ಅಂದ,
ರುಂಡ ಬೇರೆ ಮಾಡಿದರಾಯ್ತು.
ತಲೆಯಿಲ್ಲದ ಮೈಗಳು ಒಂದು ಡ್ರಾಯರಿನಲ್ಲಿ.
ಕನ್ನಡದ ತಲಕಟ್ಟು ಇನ್ನೊಂದರಲ್ಲಿ, ಮಲಗಿಸಿದ ಕುಡುಗೋಲಿನ ಸಾಲು.
ತೆಲುಗಿನದು ಮೂರನೆಯದರಲ್ಲಿ, ರೆಕ್ಕೆಯೆತ್ತಿದ ಪುಟ್ಟ ಪುಟ್ಟ ಚೂರು;
ಅದಕ್ಕೆ ನಾವು ಗುಬ್ಬಿ ಡ್ರಾಯರು ಅನ್ನುತ್ತಿದ್ದೆವು.
ಕೌತಾಳಂ ಕಡೆಯವರು ಬಂದರೆ ತಲಕಟ್ಟು ತೆಗಿ,
ಎಮ್ಮಿಗನೂರಿನವರು ಬಂದರೆ ಗುಬ್ಬಿ ಕೂಡಿಸು.
ಅವಸರದಲ್ಲಿ ಒಮ್ಮೆ ಕನ್ನಡದ ಸಾಲಿನಲ್ಲಿ ಗುಬ್ಬಿ ಕೂತು
ಊರಿಗೂರೇ ಓದಿತು, ಯಾರೂ ಓಡಿಸಲಿಲ್ಲ.

ರಕಾರ ಇದ್ದದ್ದು ನಾಲ್ಕೇ.
ಹೊಳಗುಂದದ ನಾಟಕ, ಮೇ ತಿಂಗಳು, ಕರೆಂಟಿಲ್ಲದ ರಾತ್ರಿ,
ಚೌಕಟ್ಟು ಎತ್ತಿಕೊಡಲು ಹೋಗಿ ಕೈ ಜಾರಿತು.
ಎಲ್ಲ ಬಿದ್ದವು, ಎಲ್ಲ ಎದ್ದವು,
ಒಂದು ರಕಾರಕ್ಕೆ ಮಾತ್ರ ಕೆಳಗೆ, ಒಂದು ಮಗ್ಗುಲಿಗೆ,
ಜೋಳದ ಕಾಳಿನಷ್ಟು ಚಕ್ಕೆ ಹಾರಿತು.
ಮರದಲ್ಲಿ ಎಡಗಡೆ, ಹಾಳೆಯ ಮೇಲೆ ಬಲಗಡೆ.
ಗಾದಿಲಿಂಗಪ್ಪ ಬೈಯಲಿಲ್ಲ. ಮೇಣ ತುಂಬಿ ಸವರಿದ.
ನೂರು ಹಾಳೆ ನುಣ್ಣಗೆ ಬಂದವು. ಸೆಕೆಗೆ ಮೇಣ ಕರಗಿತು,
ಆಮೇಲಿನ ನೂರಕ್ಕೂ ಬಿಳಿ ಚುಕ್ಕೆ.
ಊರೊಳಗೆ ಅಂಟಿಸಿದ್ದರಲ್ಲಿ ರಕಾರ ಗಟ್ಟಿಮುಟ್ಟು,
ಹೊಳಗುಂದದ ಬಸ್ಸು ಹತ್ತಿದ್ದರಲ್ಲಿ ಹಲ್ಲು ಬಿದ್ದದ್ದು.
ಶನಿವಾರದ ಬಟವಾಡೆಯಲ್ಲಿ ಎಂಟಾಣೆ ಕಡಿಮೆ ಇತ್ತು.
ಕೇಳಲಿಲ್ಲ. ಅವನೂ ಹೇಳಲಿಲ್ಲ.

ಈಗ ಅವು ನನ್ನ ಮಂಚದ ಕೆಳಗೆ, ಎಣ್ಣೆ ಡಬ್ಬಿಯಲ್ಲಿ.
ಹೋದ ವರ್ಷ ಒಬ್ಬ ಹುಡುಗ ಬಂದ, ಗಾಣದ ಸಂಜೀವಪ್ಪನ ಮೊಮ್ಮಗ.
‘ಹಳೇ ಕಾಲದ ಅಕ್ಷರ ಬೇಕು ಮಾಬುನ್ನಕ್ಕಾ, ಈಗ ಅದೇ ಫ್ಯಾಷನ್ನು.’
ಒಂದೊಂದನ್ನೇ ಮಲಗಿಸಿ ಫೋಟೋ ಹಿಡಿದ.
ನಾಲ್ಕು ರಕಾರ ಯಾಕೆ, ಒಂದು ಸಾಕು ಅಂದ.
ಕೈಗೆ ಸಿಕ್ಕಿದ್ದು ಅದು.

ಮೊನ್ನೆ ಬೋರ್ಡು ಏರಿತು, ಬಸ್ ಸ್ಟ್ಯಾಂಡಿನ ಎದುರು:
ಖಾರ ಉಗ್ಗಾಣಿ ದರಬಾರು.
ಬಳ್ಳಿ ಇದೆ, ನೆರಳಿದೆ, ಒಳಗೆ ದೀಪ ಉರಿಯುತ್ತದೆ.
ಮೂರು ರಕಾರ. ಮೂರಕ್ಕೂ ಬಲಗಡೆ, ಕೆಳಗೆ,
ಜೋಳದ ಕಾಳಿನಷ್ಟೇ ಗಾಯ.
ಮೇಲಿನ ತೆಲುಗು ಸಾಲಿನಲ್ಲಿ ಗುಬ್ಬಿ ಹೊತ್ತವಕ್ಕೂ ಅದೇ.
ಮರದಲ್ಲಿ ಒಬ್ಬೊಬ್ಬರದು ಒಂದೊಂದು ಹಣೆಬರಹ;
ಇಲ್ಲಿ ಒಬ್ಬ ಬಿದ್ದದ್ದಕ್ಕೆ ಎಲ್ಲರ ಮಂಡಿಯೂ ತರಚಿದೆ.

ನಿಂತು ನೋಡಿದೆ. ‘ಡಿಸೈನು ಅಕ್ಕಾ,
ವಯಸ್ಸಾದ ಹಾಗೆ ಕಾಣಬೇಕಲ್ಲ’ ಅಂದ.
ವಯಸ್ಸಾಗಿ ಆದದ್ದಲ್ಲ ಅದು, ಹೊಚ್ಚ ಹೊಸತಿದ್ದಾಗಲೇ ಬಿದ್ದದ್ದು,
ನನಗಾಗ ಹದಿನಾಲ್ಕು,
ಹೇಳೋಣವೆಂದುಕೊಂಡೆ. ಗಿರಾಕಿ ಕರೆದರು, ಓಡಿದ.

ಒಂದು ಪ್ಲೇಟು ಬಂತು, ಮೇಲೆ ಎರಡು ಮಿರ್ಚಿ.
ದುಡ್ಡು ಕೊಡಹೋದರೆ ಬೇಡವೇ ಬೇಡ ಅಂದ.
ಸರಿ, ಎಂಟಾಣೆ ವಸೂಲಾಯಿತು ಗಾದಿಲಿಂಗಪ್ಪಾ.
ಬಡ್ಡಿಗೆ ಇನ್ನೊಂದು ಮಿರ್ಚಿ ಹಾಕಿಸಿಕೊಂಡೆ.
ಒಳಗೋಡೆಯ ಮೇಲೂ ಅದೇ ಹೆಸರು ಬರೆಸಿದ್ದ;
ಕೈ ತೊಳೆಯುವಾಗ ಕನ್ನಡಿಯಲ್ಲಿ ಕಂಡಿತು, ತಿರುಗುಮುರುಗು.
ಗಾಯ ಎಡಗಡೆಗೆ ಬಂದಿತ್ತು,
ಅದು ಇರಬೇಕಾದ ಕಡೆ.